ಹಳೆ ವಾಲ್ವಾ, ಹೊಸ ವಾಲ್ವಾ? ಮೊದಲು ಯಾವ ಸಾಕೆಟ್ ಅಂತ ಹೇಳಿ

ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಆಂಪ್‌ಗೆ ವಾಲ್ವ್, ಅಂದರೆ ಗಾಳಿ ತೆಗೆದ ಗಾಜಿನ ಎಲೆಕ್ಟ್ರಾನಿಕ್ ಕೊಳವೆ, ಬದಲಿಸುವ ಹೊತ್ತು ಬಂದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. 1960ರ ದಶಕದ ಹಳೆ ಸ್ಟಾಕ್ ಹುಡುಕಿ ಹಾಕಬೇಕಾ, ಇವತ್ತು ಅಂಗಡಿಯಲ್ಲಿ ಸಿಗುವ ಹೊಸದು ಸಾಕಾ? ಹೆಸರಾಂತ ಹಳೆ ವಾಲ್ವ್‌ಗೆ ಹೊಸದರ ಹಲವು ಪಟ್ಟು ಬೆಲೆ. ಹಾಗಾಗಿ ಪ್ರಶ್ನೆ ಸಣ್ಣದಲ್ಲ. ಆದರೆ ಇದಕ್ಕೆ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಒಂದು ಆಂಪ್‌ನಲ್ಲಿರುವ ವಾಲ್ವ್‌ಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲವಲ್ಲ. ಒಂದು ಸಾಕೆಟ್‌ನಲ್ಲಿ ಹಳೆಯದಕ್ಕೆ ಕೊಟ್ಟ ದುಡ್ಡು ವಸೂಲಾಗುತ್ತದೆ. ಪಕ್ಕದ ಸಾಕೆಟ್‌ನಲ್ಲಿ ಅದೇ ದುಡ್ಡು ಸುಟ್ಟುಹೋಗುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಆಂಪ್ ಎದುರಿಗೆ ಇಟ್ಟುಕೊಳ್ಳೋಣ. ಫೆಂಡರ್ ಡಿಲಕ್ಸ್ ರಿವರ್ಬ್. 1963ರಲ್ಲಿ ಅಮೆರಿಕದಲ್ಲಿ ಹುಟ್ಟಿದ, 22 ವಾಟ್‌ನ, ಒಂದೇ ಸ್ಪೀಕರ್‌ನ ಆಂಪ್. ಅದೇ ಮಾದರಿಯನ್ನು ಕಂಪನಿ 1990ರ ದಶಕದಿಂದ ಮತ್ತೆ ತಯಾರಿಸುತ್ತಿದೆ. ಹಿಂಬದಿಗೆ ಬಗ್ಗಿ ನೋಡಿದರೆ ಒಂಬತ್ತು ವಾಲ್ವ್ ಸಾಲಾಗಿ, ತಲೆಕೆಳಗಾಗಿ ನೇತಾಡುತ್ತಿರುತ್ತವೆ. ನಾಲ್ಕು 12ಎಎಕ್ಸ್7 ಜಾತಿಯವು, ಎರಡು 12ಎಟಿ7, ಎರಡು 6ವಿ6, ಮತ್ತೆ ಕರೆಂಟನ್ನು ಡಿಸಿ ಮಾಡಿಕೊಡುವ ಒಂದು ಜಿಜೆಡ್34. ಯುರೋಪಿನವರು 12ಎಎಕ್ಸ್7ಗೆ ಇಸಿಸಿ83 ಅನ್ನುತ್ತಾರೆ. ಎರಡೂ ಒಂದೇ.

ಒಳಗೇನಿದೆ

ವಾಲ್ವ್‌ನ ನಟ್ಟನಡುವೆ ಕ್ಯಾಥೋಡ್ ಅನ್ನುವ ಸಣ್ಣ ನಿಕ್ಕಲ್ ಕೊಳವೆ. ಅದರ ಮೈಮೇಲೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡಿನ ಬಿಳಿ ಲೇಪ. ಒಳಗಿನ ಹೀಟರ್ ಅದನ್ನು ಕೆಂಪಗೆ ಕಾಯಿಸಿದಾಗ ಲೇಪದಿಂದ ಎಲೆಕ್ಟ್ರಾನ್‌ಗಳು ಹೊರಬೀಳುತ್ತವೆ. ಸುತ್ತ ಇರುವ ಪ್ಲೇಟ್‌ಗೆ ನೂರಾರು ವೋಲ್ಟ್ ಕೊಟ್ಟಿರುವುದರಿಂದ ಅವು ಅತ್ತ ಓಡುತ್ತವೆ. ದಾರಿಯಲ್ಲಿ ಕೂದಲೆಳೆಯಂಥ ತಂತಿ ಸುತ್ತಿದ ಗ್ರಿಡ್ ಇದೆ. ಕೆರೆಯ ತೂಬು ಎತ್ತಿ ಇಳಿಸಿದ ಹಾಗೆ, ಗ್ರಿಡ್‌ನ ವೋಲ್ಟೇಜ್ ಒಂಚೂರು ಅಲುಗಿದರೂ ಪ್ಲೇಟ್‌ಗೆ ಹೋಗುವ ಹರಿವು ಜೋರಾಗಿ ಏರಿಳಿಯುತ್ತದೆ. ಗಿಟಾರಿನ ಸಿಗ್ನಲ್ ಬರುವುದು ಗ್ರಿಡ್‌ಗೆ. ದೊಡ್ಡದಾಗಿ ಹೊರಡುವುದು ಪ್ಲೇಟ್‌ನಿಂದ.

ಇಷ್ಟರಲ್ಲಿ ಕೈಕೆಲಸದ ಗುಣ ಗೊತ್ತಾಗುವ ಜಾಗ ಮೂರು. ಲೇಪ ಎಷ್ಟು ಶುದ್ಧ ಅನ್ನುವುದರ ಮೇಲೆ ವಾಲ್ವ್‌ನ ಆಯಸ್ಸು ನಿಂತಿದೆ. ಗ್ರಿಡ್‌ನ ಸುತ್ತು ಎಷ್ಟು ಸಮ, ಅದರ ಕಂಬಗಳು ಎಷ್ಟು ಬಿಗಿ ಅನ್ನುವುದರ ಮೇಲೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದು) ಮತ್ತು ಗದ್ದಲ. ಗಾಜಿನೊಳಗಿನ ಗಾಳಿ ಎಷ್ಟು ಚೆನ್ನಾಗಿ ತೆಗೆದಿದ್ದಾರೆ ಅನ್ನುವುದು ಮೂರನೆಯದು. ಗಾಜಿನ ನೆತ್ತಿಯಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣ ಕಾಣುತ್ತದಲ್ವಾ, ಅದು ಗೆಟರ್. ಉಳಿದ ಗಾಳಿಯನ್ನು ಹೀರಿಕೊಳ್ಳಲು ಬಳಿದ ಬೇರಿಯಂ ಪದರ. ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಅಂತ ಅರ್ಥ. ಅಂಥ ವಾಲ್ವನ್ನು ಸಾಕೆಟ್‌ಗೆ ಹಾಕಲೇಬೇಡಿ.

1950-60ರ ದಶಕದಲ್ಲಿ ಪ್ರತಿ ಮನೆಯ ರೇಡಿಯೋ, ಟಿವಿಗೆ ಇವೇ ವಾಲ್ವ್ ಬೇಕಿದ್ದವು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ ಮುಲ್ಲಾರ್ಡ್, ಜರ್ಮನಿಯಲ್ಲಿ ಟೆಲಿಫಂಕನ್, ಅಮೆರಿಕದಲ್ಲಿ ಆರ್‌ಸಿಎ, ಜಿಇ, ಸಿಲ್ವೇನಿಯಾ ಲಕ್ಷಗಟ್ಟಲೆ ಮಾಡುತ್ತಿದ್ದವು. ದಿನವೂ ಅದೇ ಕೆಲಸ, ಅದೇ ಯಂತ್ರ, ಸೈನ್ಯದಂಥ ಕಟ್ಟುನಿಟ್ಟಿನ ಗಿರಾಕಿ. ಗುಣ ತಾನಾಗಿ ಹದಕ್ಕೆ ಬಂತು. ಟ್ರಾನ್ಸಿಸ್ಟರ್ ಬಂದ ಮೇಲೆ ಒಂದೊಂದೇ ಬಾಗಿಲು ಮುಚ್ಚಿದವು.

ಇವತ್ತು ಗಿಟಾರ್ ಲೋಕ ನಿಂತಿರುವುದು ಬೆರಳೆಣಿಕೆಯ ಕಾರ್ಖಾನೆಗಳ ಮೇಲೆ. ಸ್ಲೊವಾಕಿಯಾದ ಚಾಡ್ಸಾ ಊರಿನ ಜೆಜೆ ಎಲೆಕ್ಟ್ರಾನಿಕ್, ರಷ್ಯಾದ ಸರಾಟೊವ್‌ನಲ್ಲಿರುವ ಒಂದು ಕಾರ್ಖಾನೆ, ಚೀನಾದ ಕೆಲವು. ಸರಾಟೊವ್‌ನದು ಅಮೆರಿಕದ ನ್ಯೂ ಸೆನ್ಸರ್ ಕಂಪನಿಗೆ ಸೇರಿದ್ದು. ಸೋವ್‌ಟೆಕ್, ಎಲೆಕ್ಟ್ರೋ-ಹಾರ್ಮೋನಿಕ್ಸ್ ಅಷ್ಟೇ ಅಲ್ಲ, ಇವತ್ತಿನ ಟಂಗ್-ಸೋಲ್, ಮುಲ್ಲಾರ್ಡ್, ಗೋಲ್ಡ್ ಲಯನ್ ಕೂಡ ಅಲ್ಲಿಂದಲೇ ಬರುತ್ತವೆ. ಹಳೆ ಹೆಸರುಗಳ ಹಕ್ಕು ಕೊಂಡುಕೊಂಡಿದ್ದಾರೆ, ಅಷ್ಟೇ. ಹೊಸ ಡಬ್ಬಿಯ ಮೇಲೆ ಮುಲ್ಲಾರ್ಡ್ ಅಂತ ಇದ್ದರೆ ಬ್ಲ್ಯಾಕ್‌ಬರ್ನ್‌ಗೂ ಅದಕ್ಕೂ ಸಂಬಂಧವಿಲ್ಲ. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದ ಬೆನ್ನಲ್ಲೇ ರಷ್ಯಾ ರಫ್ತು ತಡೆದಾಗ ಲೋಕದ ಗಿಟಾರಿಗರೆಲ್ಲ ಒಟ್ಟಿಗೆ ಗಾಬರಿ ಬಿದ್ದರು. ರಫ್ತು ಮತ್ತೆ ಶುರುವಾಯಿತು, ಆದರೆ ಬೆಲೆ ಏರಿಯೇ ಬಿಟ್ಟಿತು.

ಹಳೆಯದೆಲ್ಲ ಚೆನ್ನ ಅನ್ನುವ ಮಾತಿನಲ್ಲಿ ಒಂದು ಮೋಸವೂ ಇದೆ. ಅರವತ್ತು ವರ್ಷ ಉಳಿದು ಬಂದದ್ದನ್ನು ಮಾತ್ರ ನಾವು ನೋಡುತ್ತೇವೆ. ಆಗಲೂ ಕೆಟ್ಟ ವಾಲ್ವ್ ಬರುತ್ತಿದ್ದವು, ಅವು ಎಂದೋ ಕಸಕ್ಕೆ ಹೋಗಿವೆ. ಇನ್ನೊಂದು ಕಡೆ, ಉಳಿದವುಗಳಲ್ಲಿ ಒಳ್ಳೆಯದನ್ನು ವ್ಯಾಪಾರಿಗಳು ಎಷ್ಟೋ ವರ್ಷಗಳಿಂದ ಆರಿಸಿ ಮಾರುತ್ತಾ ಬಂದಿದ್ದಾರೆ. ಈಗ ಡ್ರಾಯರ್ ತಳದಲ್ಲಿ ಸಿಗುವುದು ಯಾರೋ ಬೇಡ ಅಂತ ಬಿಟ್ಟದ್ದೂ ಇರಬಹುದು.

ಮೊದಲ ಸಾಕೆಟ್: ಇಲ್ಲಿ ಖರ್ಚು ಮಾಡಿ

ಡಿಲಕ್ಸ್ ರಿವರ್ಬ್‌ನ ಹಿಂದೆ ನಿಂತು ಬಲಗಡೆಯಿಂದ ಎಣಿಸಿ. ಮೊದಲನೆಯದು ನಾರ್ಮಲ್ ಚಾನೆಲ್‌ನ 12ಎಎಕ್ಸ್7, ಎರಡನೆಯದು ವೈಬ್ರಾಟೋ ಚಾನೆಲ್‌ನದು. ಹೆಚ್ಚಿನವರು ನುಡಿಸುವುದು ವೈಬ್ರಾಟೋ ಚಾನೆಲ್‌ನಲ್ಲಿ, ಯಾಕಂದ್ರೆ ಸದ್ದು ಮಾರ್ದನಿಸುವ ಹಾಗೆ ಮಾಡುವ ರಿವರ್ಬ್ ಇರುವುದು ಅಲ್ಲೇ. ಹಾಗಾಗಿ ನಿಮಗೆ ಮುಖ್ಯವಾದದ್ದು ಎರಡನೆಯ ವಾಲ್ವ್.

ಮೆಲ್ಲಗೆ ನುಡಿಸಿದಾಗ ಗಿಟಾರಿನ ತಂತಿಯ ಅಲುಗಾಟವನ್ನು ಸಿಗ್ನಲ್ ಮಾಡುವ ಪಿಕಪ್‌ನಿಂದ ಬರುವುದು ಕೆಲವು ಹತ್ತು ಮಿಲಿವೋಲ್ಟ್. 20 ಅಂತಲೇ ಇಟ್ಟುಕೊಳ್ಳಿ. ತಯಾರಕರ ಮಾಹಿತಿ ಪುಸ್ತಕದ ಪ್ರಕಾರ 12ಎಎಕ್ಸ್7ನ ವರ್ಧನಾಂಕ, ಅಂದರೆ ಹೆಚ್ಚೆಂದರೆ ಎಷ್ಟು ಪಟ್ಟು ಹಿಗ್ಗಿಸಬಲ್ಲದು ಅನ್ನುವುದು, 100, ಆದರೆ ಈ ಸರ್ಕ್ಯೂಟ್‌ನಲ್ಲಿ ಒಂದು ಹಂತದಿಂದ ಸಿಗುವ ಗೇನ್ ಸುಮಾರು 60. ಅಂದರೆ 20 ಮಿಲಿವೋಲ್ಟ್ ಇಲ್ಲಿ 1.2 ವೋಲ್ಟ್ ಆಗುತ್ತದೆ. ಮುಂದೆ ಟೋನ್ ಕಂಟ್ರೋಲ್ ಅದನ್ನು ಒಂದಷ್ಟು ತಿನ್ನುತ್ತದೆ, ಮತ್ತೆ ಹಂತಹಂತವಾಗಿ ಹಿಗ್ಗುತ್ತದೆ. ಸಿಗ್ನಲ್ ಅತಿ ಸಣ್ಣದಾಗಿರುವುದು ಈ ಜಾಗದಲ್ಲೇ. ಇಲ್ಲಿ ವಾಲ್ವ್ ತಾನೇ ಒಂಚೂರು ಸುಯ್‌ಗುಟ್ಟಿದರೂ ಮುಂದಿನ ಹಂತಗಳೆಲ್ಲ ಅದನ್ನು ಸಂಗೀತ ಅಂದುಕೊಂಡು ದೊಡ್ಡದು ಮಾಡುತ್ತವೆ. ಅದೇ ಸುಯ್‌ಗುಟ್ಟುವ ವಾಲ್ವನ್ನು ಸಾಲಿನ ಕೊನೆಯ ಸಣ್ಣ ಸಾಕೆಟ್‌ಗೆ ಹಾಕಿ ನೋಡಿ, ಕಿವಿಗೆ ಬೀಳುವುದೇ ಕಷ್ಟ.

ಇದರ ಜೊತೆಗೆ ಮೈಕ್ರೋಫೋನಿಕ್ ತೊಂದರೆ. ಗ್ರಿಡ್‌ನ ತಂತಿ ಸಡಿಲವಿದ್ದರೆ ವಾಲ್ವ್ ಅಲುಗಾಟವನ್ನೂ ಸದ್ದು ಮಾಡುತ್ತದೆ. ಡಿಲಕ್ಸ್ ರಿವರ್ಬ್ ಕಾಂಬೋ ಆಂಪ್. ಸ್ಪೀಕರ್ ಇರುವ ಪೆಟ್ಟಿಗೆಯಲ್ಲೇ ವಾಲ್ವ್ ಕೂಡ ಇದೆ, ಇಡೀ ಸಂಜೆ ಅದುರುತ್ತಾ ಕೂತಿರುತ್ತದೆ. ತಲೆ (ವಾಲ್ವ್‌ಗಳಿರುವ ಪೆಟ್ಟಿಗೆ) ಬೇರೆ, ಸ್ಪೀಕರ್ ಬೇರೆ ಇರುವ ಆಂಪ್‌ನಲ್ಲಿ ಸುಮ್ಮನಿರುವ ವಾಲ್ವ್ ಇಲ್ಲಿ ಕೂಗಲು ಶುರು ಮಾಡಬಹುದು.

ಪರೀಕ್ಷೆ ಸುಲಭ. ಗಿಟಾರ್ ಕಿತ್ತು, ವಾಲ್ಯೂಮನ್ನು ಅರ್ಧಕ್ಕೆ ಏರಿಸಿ, ಮರದ ಪೆನ್ಸಿಲ್‌ನ ರಬ್ಬರ್ ತುದಿಯಿಂದ ಎರಡನೆಯ ವಾಲ್ವನ್ನು ಮೆಲ್ಲಗೆ ತಟ್ಟಿ. ಲೋಹದ ಮುಚ್ಚಳವಿದ್ದರೆ ಅದರ ಮೇಲೇ ತಟ್ಟಿದರೂ ಆದೀತು. ಸ್ಪೀಕರ್‌ನಲ್ಲಿ ಮೊಂಡಾದ ‘ಟಕ್’ ಕೇಳಿದರೆ ಸರಿ, ಈ ಜಾಗದ ಎಲ್ಲ ವಾಲ್ವೂ ಅಷ್ಟು ಸದ್ದು ಮಾಡುತ್ತವೆ. ‘ಟಿಂಂಂಗ್’ ಅಂತ ಎಳೆದರೆ ಅದನ್ನು ಅಲ್ಲಿಂದ ತೆಗೆಯಿರಿ.

ಹಳೆಯ ಒಳ್ಳೆ ವಾಲ್ವ್‌ಗಳು ಗೆಲ್ಲುವುದು ಇಲ್ಲೇ. ಕಡಿಮೆ ಗದ್ದಲ, ಬಿಗಿಯಾದ ಗ್ರಿಡ್, ಉದ್ದ ಆಯಸ್ಸು. ಈ ಸಾಕೆಟ್ ವಾಲ್ವನ್ನು ಹಿಂಡುವುದೂ ಇಲ್ಲ, ಅದರ ಮೂಲಕ ಹರಿಯುವುದು ಒಂದು ಮಿಲಿಆಂಪ್‌ನ ಆಸುಪಾಸು. ಒಳ್ಳೆಯ ಹಳೆ 12ಎಎಕ್ಸ್7 ಇಲ್ಲಿ ವರ್ಷಗಟ್ಟಲೆ ಕೂರುತ್ತದೆ. ಹೊಸದರಲ್ಲೂ ಗದ್ದಲ ಕಡಿಮೆ ಇರುವುದನ್ನು ಆರಿಸಿ ಕೊಡುವ ಅಂಗಡಿಗಳಿವೆ. ಒಂಚೂರು ಜಾಸ್ತಿ ಬೆಲೆಗೆ ಅಂಥದ್ದು ಸಿಕ್ಕರೆ ಎಂಟಾಣೆ ಪಾಲು ಲಾಭ ಅಲ್ಲೇ ಬಂತು.

‘ಹಳೆಯದರ ಧ್ವನಿಯೇ ಬೇರೆ, ಸಿಹಿ’ ಅನ್ನುವವರಿಗೆ ಒಂದು ಮಾತು. ಎರಡು ವಾಲ್ವ್‌ಗಳ ಗೇನ್ ಶೇಕಡಾ ಹತ್ತು ಹೆಚ್ಚುಕಡಿಮೆ ಇರುವುದು ಮಾಮೂಲಿ. ಗೇನ್ ಜಾಸ್ತಿ ಇದ್ದದ್ದು ಒಂಚೂರು ಜೋರಾಗಿ ಕೇಳುತ್ತದೆ. ಜೋರಾಗಿ ಕೇಳಿದ್ದು ಚೆನ್ನಾಗಿ ಕೇಳಿದ ಹಾಗೆ ಅನ್ನಿಸುವುದು ಕಿವಿಯ ಹಳೆ ಚಾಳಿ. ವಾಲ್ಯೂಮ್ ಸಮ ಮಾಡಿ, ಯಾವುದು ಯಾವುದು ಅಂತ ಹೇಳದೆ ಬೇರೆಯವರ ಕೈಯಲ್ಲಿ ಬದಲಿಸಿ ಕೇಳಿ. ವ್ಯತ್ಯಾಸ ಪೂರ್ತಿ ಮಾಯವಾಗುತ್ತದೆ ಅಂತ ನಾನು ಹೇಳುವುದಿಲ್ಲ, ಆದರೆ ಸುಮಾರು ಕುಗ್ಗುತ್ತದೆ. ಸ್ಪೀಕರ್ ಬದಲಿಸಿದರೆ ಆಗುವ ವ್ಯತ್ಯಾಸದ ಮುಂದೆ ಇದು ಏನೂ ಅಲ್ಲ.

ನಿಜವಾಗಿ ಬೇರೆ ಧ್ವನಿ ಬೇಕಾದರೆ ವಯಸ್ಸು ಬಿಟ್ಟು ಜಾತಿ ಬದಲಿಸಿ. 12ಎಎಕ್ಸ್7 ಜಾಗದಲ್ಲಿ 5751 ಹಾಕಬಹುದು. ಅದರ ವರ್ಧನಾಂಕ 70. 12ಎವೈ7 ಇನ್ನೂ ಕಡಿಮೆ, ಸುಮಾರು 40ರಿಂದ 45. ಹಾಕಿದ ಕೂಡಲೇ ಆಂಪ್‌ನ ಆರ್ಭಟ ತಣ್ಣಗಾಗುತ್ತದೆ, ಧ್ವನಿ ಒಡೆಯುವ ಮುಂಚೆ ವಾಲ್ಯೂಮ್ ಇನ್ನಷ್ಟು ಏರಿಸಬಹುದು. 1950ರ ದಶಕದ ಫೆಂಡರ್ ಬಾಸ್‌ಮನ್‌ನ ಮೊದಲ ಸಾಕೆಟ್‌ನಲ್ಲಿ ಇದ್ದದ್ದು 12ಎವೈ7. ಲಂಡನ್ನಿನಲ್ಲಿ ಜಿಮ್ ಮಾರ್ಷಲ್‌ನ ಅಂಗಡಿಯವರು ಅದೇ ಸರ್ಕ್ಯೂಟ್ ನೋಡಿ 1962ರ ಹೊತ್ತಿಗೆ ಜೆಟಿಎಂ45 ಮಾಡಿದಾಗ ಅಲ್ಲಿ ಇಸಿಸಿ83 ಹಾಕಿದರು. ಎರಡು ಆಂಪ್‌ಗಳ ಸ್ವಭಾವ ಬೇರೆಯಾಗಲು ಇದೂ ಒಂದು ಕಾರಣ.

ಉಳಿದ ಸಣ್ಣ ಸಾಕೆಟ್‌ಗಳು

ಮೂರನೆಯದು ರಿವರ್ಬ್‌ನ ಸ್ಪ್ರಿಂಗ್ ಓಡಿಸುವ 12ಎಟಿ7. ಪುಸ್ತಕದ ಪ್ರಕಾರ ಅದರ ಪ್ಲೇಟ್‌ಗೆ 300 ವೋಲ್ಟ್ ಮಿತಿ. ಫೆಂಡರ್ ಕೊಡುವುದು 400ಕ್ಕಿಂತ ಜಾಸ್ತಿ. ಇಷ್ಟು ಸಾಕಲ್ಲ? ಇಲ್ಲಿ ಅಗ್ಗದ, ಗಟ್ಟಿಮುಟ್ಟಾದ ವಾಲ್ವ್ ಹಾಕಿ. ಟೆಲಿಫಂಕನ್ ತಂದು ಇಲ್ಲಿ ಕೂರಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ನಾಲ್ಕನೆಯದು ರಿವರ್ಬ್ ಸದ್ದನ್ನು ಮತ್ತೆ ಎತ್ತುವುದರಿಂದ ಸ್ವಲ್ಪ ಸೂಕ್ಷ್ಮ. ಐದನೆಯದು ಸದ್ದನ್ನು ಅಲೆಯಂತೆ ಏರಿಳಿಸುವ ಟ್ರೆಮೋಲೋದ್ದು, ಅಲ್ಲಿ ಏನಿದ್ದರೂ ನಡೆಯುತ್ತದೆ. ಆರನೆಯದು ಫೇಸ್ ಇನ್ವರ್ಟರ್. ಒಂದು ಸಿಗ್ನಲ್ಲನ್ನು ಎದುರುಬದುರಾದ ಎರಡು ಮಾಡಿ ಎರಡು 6ವಿ6ಗೂ ಹಂಚುತ್ತದೆ. ಗಾಜಿನೊಳಗಿನ ಎರಡು ಭಾಗಗಳೂ ಸಮನಾಗಿದ್ದರೆ ಒಳ್ಳೆಯದು. ಹೊಸದು ಸಾಕು.

ಬೇರೆ ಆಂಪ್ ಇದ್ದವರು ಒಂದು ವಿಷಯ ಗಮನಿಸಬೇಕು. ಬಾಸ್‌ಮನ್, ಮಾರ್ಷಲ್ ಸರ್ಕ್ಯೂಟ್‌ಗಳಲ್ಲಿ ಟೋನ್ ಕಂಟ್ರೋಲ್‌ಗೆ ಮುಂಚೆ ಕ್ಯಾಥೋಡ್ ಫಾಲೋವರ್ ಅನ್ನುವ ಹಂತ ಬರುತ್ತದೆ. ಅಲ್ಲಿ ಹೀಟರ್‌ಗೂ ಕ್ಯಾಥೋಡ್‌ಗೂ ನಡುವೆ ಬೀಳುವ ವೋಲ್ಟೇಜ್, ಪುಸ್ತಕದಲ್ಲಿ ಹೇಳಿದ 180-200ರ ಮಿತಿಯ ಹತ್ತಿರಕ್ಕೇ ಹೋಗುತ್ತದೆ. ಸುರುಳಿ ಹೀಟರ್ ಇರುವ ಕೆಲವು ಹೊಸ ವಾಲ್ವ್‌ಗಳು ಆ ಜಾಗದಲ್ಲಿ ಬೇಗ ಸಾಯುತ್ತವೆ. ಕೊಳ್ಳುವಾಗ ಆ ಸಾಕೆಟ್‌ಗೆ ಆಗುತ್ತದಾ ಅಂತ ಕೇಳಿಯೇ ಕೊಳ್ಳಿ.

6ವಿ6: ದುಡ್ಡು ತಿನ್ನುವ ಜೋಡಿ

ಸ್ಪೀಕರ್ ಓಡಿಸುವ ಔಟ್‌ಪುಟ್ ವಾಲ್ವ್‌ಗಳ ಕಥೆ ಪೂರ್ತಿ ಬೇರೆ. ಇವು ಬೆವರು ಸುರಿಸಿ ದುಡಿಯುವ ವಾಲ್ವ್, ಸವೆಯಲೇಬೇಕು. ವಾರಕ್ಕೆರಡು ಕಾರ್ಯಕ್ರಮ ಕೊಡುವವರಿಗೆ ಒಂದೆರಡು ವರ್ಷಕ್ಕೆ ಹೊಸ ಜೋಡಿ ಬೇಕಾಗುತ್ತದೆ.

ಹಳೆ 6ವಿ6ಜಿಟಿಯ ಪುಸ್ತಕದಲ್ಲಿ ಪ್ಲೇಟ್‌ಗೆ 315 ವೋಲ್ಟ್ ಅಂತ ಇದೆ. ಡಿಲಕ್ಸ್ ರಿವರ್ಬ್‌ನ ನಕ್ಷೆಯಲ್ಲೇ ಬರೆದಿರುವುದು 415. ಆರ್‌ಸಿಎ ವಾಲ್ವ್‌ಗಳು ಇದನ್ನೂ ತಾಳಿಕೊಂಡವು, ಅದಕ್ಕೇ ಅವು ಅಷ್ಟು ಹೆಸರಾದದ್ದು. ಆದರೆ 1960ರ ದಶಕದ ಆಂಪ್ 117 ವೋಲ್ಟ್ ಮೇನ್ಸ್‌ಗೆ ಮಾಡಿದ್ದು. ಇವತ್ತು ಅದಕ್ಕೆ 123 ಸಿಕ್ಕರೆ ಪ್ಲೇಟ್‌ನ 415 ಏರಿ 436 ಆಗುತ್ತದೆ. ಅರವತ್ತು ವರ್ಷದ ಗಾಜಿಗೆ ಈ ಶಿಕ್ಷೆ ಯಾಕೆ? ಇಂಥ ವೋಲ್ಟೇಜ್‌ಗೆ ಅಂತಲೇ ಗಟ್ಟಿಯಾಗಿ ಮಾಡಿದ ಜೆಜೆಯ 6ವಿ6ಎಸ್ ಇದೆ. ಧ್ವನಿ ಕೊಂಚ ಬಿಗಿ ಅನ್ನುವವರಿದ್ದಾರೆ, ಇರಲಿ. ನನ್ನ ಮತ ಇಲ್ಲಿ ಹೊಸದಕ್ಕೇ.

ಹೊಸ ಜೋಡಿ ಹಾಕಿದ ಮೇಲೆ ಬಯಾಸ್ ಹೊಂದಿಸಬೇಕು, ಅಂದರೆ ನುಡಿಸದಿದ್ದಾಗ ಎಷ್ಟು ಕರೆಂಟ್ ಹರಿಯಬೇಕು ಅಂತ ನಿಗದಿ ಮಾಡಬೇಕು. ಲೆಕ್ಕ ಇಷ್ಟೇ. 14 ವಾಟ್ ತಾಳುವ 6ವಿ6 ಅಂದುಕೊಳ್ಳಿ. ಅದರ ಶೇಕಡಾ 70 ಅಂದರೆ 9.8 ವಾಟ್. ಅದನ್ನು 415 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 23.6 ಮಿಲಿಆಂಪ್. ಅದು ಮೇಲಿನ ಮಿತಿ. 20ರ ಆಸುಪಾಸಿನಲ್ಲಿ ಇಟ್ಟರೂ ನಷ್ಟವಿಲ್ಲ, ವಾಲ್ವ್ ಹೆಚ್ಚು ಕಾಲ ಬಾಳುತ್ತದೆ. ಕತ್ತಲೆಯಲ್ಲಿ ನೋಡಿದಾಗ ಪ್ಲೇಟ್‌ನ ಲೋಹವೇ ಕೆಂಪಗಾಗಿ ಕಂಡರೆ ತಕ್ಷಣ ಆಫ್ ಮಾಡಿ. ಅಂದ ಹಾಗೆ, ಆಫ್ ಮಾಡಿ ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಕೂತಿರಬಹುದು. ಅದು ಪ್ರಾಣ ತೆಗೆಯುತ್ತದೆ. ಚಾಸಿಸ್ ಬಿಚ್ಚಿ ಗೊತ್ತಿಲ್ಲದವರು ಈ ಕೆಲಸ ಮೆಕ್ಯಾನಿಕ್‌ಗೆ ಬಿಡಿ.

ಹೆಚ್ಚು ದುಡಿಯುವ ಸಾಕೆಟ್‌ಗೆ ಹೊಸದು ಅನ್ನುವ ನಿಯಮವನ್ನು ಎಡತುದಿಯ ಜಿಜೆಡ್34 ಮಾತ್ರ ಮುರಿಯುತ್ತದೆ. ದೊಡ್ಡ ಕರೆಂಟ್ ಹೊರುವ ಜಾಗವಾದರೂ ಇಲ್ಲಿ ಹಳೆಯದೇ ಮೇಲು ಅಂತ ರಿಪೇರಿ ಮಾಡುವವರಲ್ಲಿ ಬಹಳ ಜನ ಒಪ್ಪುತ್ತಾರೆ. ಬ್ಲ್ಯಾಕ್‌ಬರ್ನ್‌ನ ಜಿಜೆಡ್34, ಬಳಸಿದ್ದಾದರೂ ಪರೀಕ್ಷೆಯಲ್ಲಿ ಪಾಸಾದರೆ, ಹೊಸದಕ್ಕಿಂತ ಹೆಚ್ಚು ಬಾಳುತ್ತದೆ. ಇದು ಶಾರ್ಟ್ ಆದರೆ ಪವರ್ ಟ್ರಾನ್ಸ್‌ಫಾರ್ಮರ್‌ಗೂ ಅಪಾಯ. ಹೊಸದೇ ಹಾಕುವುದಾದರೆ ಪ್ರತಿ ಪ್ಲೇಟ್‌ಗೂ ಸರಣಿಯಲ್ಲಿ ಒಂದೊಂದು 1ಎನ್4007 ಡಯೋಡ್ ಬೆಸೆಸಿಕೊಳ್ಳಿ. ಕೆಲವೇ ರೂಪಾಯಿಯ ವಿಮೆ.

ಕೊಳ್ಳುವಾಗ

‘ಬಳಸದ ಹಳೆ ಸ್ಟಾಕ್’ ಅಂತ ಮಾರುವುದರಲ್ಲಿ ಬಳಸಿದ್ದು ಬೇಕಾದಷ್ಟಿದೆ. ಹಳೆ ಕಾಲದ ಕಂಪನಿಗಳು ಒಬ್ಬರದನ್ನೊಬ್ಬರು ಕೊಂಡು ತಮ್ಮ ಹೆಸರು ಒತ್ತುತ್ತಿದ್ದವು, ಹಾಗಾಗಿ ಗಾಜಿನ ಮೇಲಿನ ಬ್ರ್ಯಾಂಡ್ ನೋಡಿ ನಂಬಬೇಡಿ. ಆ ಶಾಯಿ ಬೆರಳಲ್ಲಿ ಉಜ್ಜಿದರೆ ಹೋಗುತ್ತದೆ, ಹೊಸದಾಗಿ ಒತ್ತುವುದೂ ಅಷ್ಟೇ ಸುಲಭ. ಟೆಲಿಫಂಕನ್ ತಾನೇ ಮಾಡಿದ ಇಸಿಸಿ83ಗಳ ತಳದಲ್ಲಿ, ಪಿನ್‌ಗಳ ನಡುವೆ, ಗಾಜಿನಲ್ಲೇ ಎರಕವಾದ ವಜ್ರದ ಗುರುತು ಇರುತ್ತದೆ. ಫಿಲಿಪ್ಸ್ ಬಳಗದ (ಮುಲ್ಲಾರ್ಡ್ ಕೂಡ ಅದರದೇ) ವಾಲ್ವ್‌ಗಳಲ್ಲಿ ಗಾಜಿನ ಬುಡದಲ್ಲಿ ಬೂದು ಬಣ್ಣದ ಎರಡು ಸಾಲು ಕೋಡ್. ಕೆಳಗಿನ ಸಾಲು ‘ಬಿ5ಎ2’ ಅಂತ ಇದ್ದರೆ ‘ಬಿ’ ಬ್ಲ್ಯಾಕ್‌ಬರ್ನ್, ‘5’ ವರ್ಷದ ಕೊನೆಯ ಅಂಕಿ, ‘ಎ’ ಜನವರಿ, ‘2’ ಎರಡನೆಯ ವಾರ. ವರ್ಷ 1965ಓ 1975ಓ ಅಂತ ಒಳಗಿನ ರಚನೆ ನೋಡಿ ಹೇಳಬೇಕು.

ಟೆಸ್ಟರ್‌ನಲ್ಲಿ ‘ಚೆನ್ನಾಗಿದೆ’ ಅಂತ ಬಂದರೂ ಅದು ಹೇಳುವುದು ವಾಲ್ವ್‌ನ ಶಕ್ತಿ ಎಷ್ಟು ಉಳಿದಿದೆ ಅಂತ ಮಾತ್ರ. ಗದ್ದಲ, ಮೈಕ್ರೋಫೋನಿಕ್ ಅದಕ್ಕೆ ತಿಳಿಯುವುದಿಲ್ಲ. ಅದು ಗೊತ್ತಾಗುವುದು ನಿಮ್ಮ ಆಂಪ್‌ನಲ್ಲಿ, ಪೆನ್ಸಿಲ್ ತಟ್ಟಿದಾಗ. ಹಾಗಾಗಿ ವಾಪಸ್ ತಗೊಳ್ಳುತ್ತೇವೆ ಅನ್ನುವವರ ಹತ್ತಿರ ಮಾತ್ರ ಕೊಳ್ಳಿ.

ಈ ಹಳೆ ಸ್ಟಾಕಿನ ಲೋಕದಲ್ಲಿ ಬೆಂಗಳೂರಿಗೂ ಪಾಲಿದೆ. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮ ಬಿಇಎಲ್, 1961ರಿಂದ ರೇಡಿಯೋ ವಾಲ್ವ್ ತಯಾರಿಸಿತು. ಅಲ್ಲಿನ ಇಎಲ್84 ಅನ್ನುವ ಔಟ್‌ಪುಟ್ ವಾಲ್ವ್‌ಗಳನ್ನು ಈಗ ವಿದೇಶದ ಗಿಟಾರಿಗರೂ ಹುಡುಕಿ ಕೊಳ್ಳುತ್ತಾರೆ. ಮನೆಯ ಹಳೆ ರೇಡಿಯೋ ರಿಪೇರಿ ಡಬ್ಬಿಯಲ್ಲಿ ಒಂದಿದ್ದರೆ ಎಸೆಯಬೇಡಿ. ಆದರೆ ಅದನ್ನು ವಾಕ್ಸ್ ಎಸಿ30ಗೆ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಆ ಆಂಪ್ ನಾಲ್ಕು ಇಎಲ್84ಗಳನ್ನು 300 ವೋಲ್ಟ್ ಮಿತಿ ದಾಟಿಸಿ, ಸದಾ ಬಿಸಿಯಾಗಿ ಓಡಿಸುತ್ತದೆ. ಮನೆಯಲ್ಲಿ ಮೆಲ್ಲಗೆ ನುಡಿಸುವ, ವೋಲ್ಟೇಜ್ ಕಡಿಮೆ ಇರುವ ಸಣ್ಣ ಆಂಪ್ ಅದಕ್ಕೆ ಒಳ್ಳೆ ಜಾಗ.

ಅಮೆರಿಕದಿಂದ ಆಂಪ್ ತಂದವರು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕುತ್ತಾರಲ್ಲ, ಅದರ ಔಟ್‌ಪುಟ್ಟನ್ನು ಆಂಪ್ ಓಡುತ್ತಿರುವಾಗ ಒಮ್ಮೆ ಅಳೆಸಿ. ಹೀಟರ್‌ಗೆ 6.3 ವೋಲ್ಟ್ ಬೇಕು, ಶೇಕಡಾ ಹತ್ತು ಆಚೀಚೆ ನಡೆಯುತ್ತದೆ, ಅಂದರೆ 5.7ರಿಂದ 6.9. ರಾತ್ರಿ ಹೊತ್ತು ಲೈನ್ ಏರುವ ಬಡಾವಣೆಗಳಲ್ಲಿ ಇದು ಸುಲಭವಾಗಿ ದಾಟುತ್ತದೆ. ಆಗ ಹಳೆಯದೂ ಒಂದೇ, ಹೊಸದೂ ಒಂದೇ, ಎರಡರ ಆಯಸ್ಸೂ ಕುಗ್ಗುತ್ತದೆ. ವಾಲ್ವ್‌ಗೆ ದುಡ್ಡು ಹಾಕುವ ಮುಂಚೆ ಒಂದು ಸ್ಟೆಬಿಲೈಸರ್‌ಗೆ ಹಾಕಿ.

ಕಿತ್ತ ಸಣ್ಣ ವಾಲ್ವ್‌ಗಳನ್ನು ಬಿಸಾಡಬೇಡಿ. ಯಾವ ಸಾಕೆಟ್‌ನದು, ಯಾಕೆ ತೆಗೆದದ್ದು ಅಂತ ಡಬ್ಬಿಯ ಮೇಲೆ ಬರೆದಿಡಿ. ಎರಡನೆಯ ಸಾಕೆಟ್‌ನಲ್ಲಿ ಟಿಂಗ್‌ಗುಟ್ಟಿದ 12ಎಎಕ್ಸ್7 ಐದನೆಯದರಲ್ಲಿ ಟ್ರೆಮೋಲೋ ಓಡಿಸಿಕೊಂಡು ಇನ್ನೂ ಹತ್ತು ವರ್ಷ ಇರಬಹುದು.